ಬಾಯಲ್ಲಿ ಹಿಡಿದ ನೀರು

ನಮ್ಮೂರಿನಲ್ಲಿ ಕೋವಿಯ ತೋಟೆ ತುಂಬುವವರು ಬಾಯಿ ತುಂಬ ನೀರು ಹಿಡಿದುಕೊಂಡೇ ತುಂಬಬೇಕು. ಮೊದಲ ತೋಟೆಗೆ ಮದ್ದು ಹಾಕುವ ಮುಂಚೆ ಬಾಯಿಗೆ ತೆಗೆದುಕೊಂಡ ನೀರನ್ನು ಕೊನೆಯ ತೋಟೆಯ ಬಾಯಿಗೆ ಮೇಣ ಮೆತ್ತುವವರೆಗೂ ನುಂಗುವ ಹಾಗಿಲ್ಲ, ಉಗಿಯುವ ಹಾಗಿಲ್ಲ. ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಒಂದೇ ತೋಟೆಗೆ ಎರಡು ಅಳತೆ ಮದ್ದು ಬೀಳುತ್ತದೆ, ಎರಡು ಅಳತೆ ಬಿದ್ದ ತೋಟೆ ಕೋವಿಯನ್ನೇ ಸೀಳುತ್ತದೆ. ನನ್ನ ಮಾವನ ತಮ್ಮ ಊರಿಗಾಗಿ ಕೋವಿ ಹಾರಿಸುವ ಈಡುಗಾರರಾಗಿದ್ದಾಗ ಹಾಗೇ ಆಗಿ ಅವರ ಮುಖದ ಬಲಭಾಗ ಹೋಗಿತ್ತು. ನಾನು ಮದುವೆಯಾಗಿ ಬಂದಾಗ ಅವರಿನ್ನೂ ಇದ್ದರು. ಎಡಗಡೆಯಿಂದ ನೋಡಿದರೆ ಲಕ್ಷಣವಾದ ಮನುಷ್ಯ. ಮನೆಯವರೆಲ್ಲ ಊಟಕ್ಕೆ ಅವರ ಎಡಗಡೆಯೇ ಕೂರುತ್ತಿದ್ದರು. ನನ್ನಂಥ ಬಾಯಿಬಡುಕಿಯನ್ನು ಅಂಥ ಮನೆಗೆ ಕೊಟ್ಟ ನಮ್ಮಪ್ಪನ ಧೈರ್ಯ ಮೆಚ್ಚಬೇಕು.

ಚಳಿಗಾಲ ಬಂತೆಂದರೆ ನಮ್ಮೂರ ನಡುವೆ ಮಂಜು ಇಳಿದು ಕೂರುತ್ತದೆ. ಈಚೆಕೇರಿಗೂ ಆಚೆಕೇರಿಗೂ ನಡುವೆ ಇರುವುದು ಮುನ್ನೂರು ಮಾರು. ಬೇಸಿಗೆಯಲ್ಲಿ ಒಂದು ಹಿಡಿ ಕಡಲೆಕಾಯಿ ಸುಲಿದು ತಿನ್ನುವಷ್ಟರಲ್ಲಿ ದಾಟಿಬಿಡಬಹುದು. ಚಳಿಯಲ್ಲಿ ಅದೇ ಬಯಲಿಗೆ ಕೈ ಚಾಚಿದರೆ ಮೊಣಕೈಯಿಂದಾಚೆ ಕಾಣುವುದಿಲ್ಲ. ಮಂಜಿನೊಳಕ್ಕೆ ಹಾಗೇ ಹೋದವರು ತಿರುಗಿ ಬರುವುದಿಲ್ಲ. ಮಂಜು ಹರಿದ ಮೇಲೆ ಅವರ ಚಪ್ಪಲಿ ಸಿಗುತ್ತದೆ, ಯಾರದೋ ಮನೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ ಹಾಗೆ, ಜೋಡಿಯಾಗಿ. ಬೆಳಿಗ್ಗೆ ಹತ್ತಕ್ಕೆ ಕಟ್ಟೆಯ ಮೇಲೆ ನಿಂತು ಒಂದು ಈಡು ಹಾರಿಸಿದರೆ ಮಾತ್ರ ಮಂಜು ಎರಡು ಪಾಲಾಗಿ, ಒಂದು ಗಾಡಿಯ ಅಗಲಕ್ಕೆ ದಾರಿ ಬಿಡುತ್ತದೆ. ಆ ದಾರಿ ಸಂಜೆ ದೀಪ ಹಚ್ಚುವವರೆಗೆ ಇರುತ್ತದೆ. ಶಾಲೆ ಈಚೆಕೇರಿಯಲ್ಲಿ, ಆಸ್ಪತ್ರೆಯೂ ಹಿಟ್ಟಿನ ಗಿರಣಿಯೂ ಆಚೆಕೇರಿಯಲ್ಲಿ. ನಮ್ಮ ಲಗ್ನಪತ್ರಿಕೆಗಳಲ್ಲಿ ಮುಹೂರ್ತದ ಪಕ್ಕದಲ್ಲೇ ‘ಈಡಾದ ಮೇಲೆ’ ಎಂದು ಅಚ್ಚು ಹಾಕಿಸುತ್ತಾರೆ. ಗಂಡನ ಜತೆ ಜಗಳವಾಡಿ ತವರಿಗೆ ಹೊರಟವಳು ಸಂಜೆಯೊಳಗೆ ಸಿಟ್ಟು ಇಳಿಸಿಕೊಳ್ಳಬೇಕು, ಇಲ್ಲವೆ ಮಾರನೆಯ ಹತ್ತು ಗಂಟೆಯವರೆಗೆ ಹಿಡಿದಿಟ್ಟುಕೊಳ್ಳಬೇಕು. ಮಂಜಿನಲ್ಲಿ ಯಾರಿದ್ದಾರೋ ಏನೋ ಎಂದು ತೋಟೆಗೆ ಸೀಸದ ಚರೆ ಹಾಕುವುದಿಲ್ಲ. ಒಣಗಿಸಿದ ಜೇಡಿಮಣ್ಣಿನ ಬಿರಡೆ ಜಡಿಯುತ್ತೇವೆ, ಕೋವಿಯಿಂದಾಚೆ ಅದು ಧೂಳಾಗಿ ಹೋಗುತ್ತದೆ.

ತೋಟೆ ತುಂಬುತ್ತಿದ್ದವರು ನನ್ನ ಗಂಡ. ಇಪ್ಪತ್ತೆರಡು ವರ್ಷ ನಾನು ಅವರ ಎದುರು ಕೂತು ಅಳತೆ ಹಾಕಿ ಕೊಟ್ಟವಳು. ಅವರು ತೀರಿಕೊಂಡ ವರ್ಷ, ಮದ್ದು ಅಳೆಯುವ ಕೊಂಬಿನ ಅಳತೆ ಇನ್ನು ಯಾರ ಕೈಗೆ ಎಂಬ ಮಾತು ಬಂದಾಗ ಊರ ಯಜಮಾನ ಸಣ್ಣೇಗೌಡರು, “ಹೆಂಗಸ್ರ ಬಾಯಲ್ಲಿ ನೀರು ನಿಲ್ತದಾ?” ಎಂದು ನಕ್ಕರು. ನನ್ನ ಮೈದುನ ಚೆಲುವಯ್ಯ ನಗಲಿಲ್ಲ. ಅವನೇ ಈಗಿನ ಈಡುಗಾರ, ದಿನಾ ಕೋವಿಗೆ ಕೆನ್ನೆ ಕೊಡುವವನು ಅವನು. “ನಮ್ಮ ಅತ್ತಿಗಮ್ಮ ತುಂಬಿದ್ರೆ ನಾನು ಹಾರಿಸ್ತೀನಿ. ಬೇರೆ ಯಾರಾನಾ ತುಂಬಿದ್ರೆ ಅವರೇ ಹಾರಿಸ್ಕೊಳ್ಲಿ” ಎಂದ. ಅಲ್ಲಿಗೆ ಮಾತು ಮುಗಿಯಿತು. ಅಳತೆ ನನ್ನ ಕೈಗೆ ಬಂತು. ಗಂಡ ಹೋದ ಮನೆಯಲ್ಲಿ ನನಗೆ ಉಳಿದ ಮರ್ಯಾದೆ ಎಂದರೆ ಅದೇ, ಬೊಗಸೆಗೂ ಸಾಲದ ಒಂದು ಕೊಂಬಿನ ಚೂರು. ತುಂಬುವಾಗ ಬಾಯಿಬಿಟ್ಟವರು ಆ ಅಳತೆಯನ್ನು ಮತ್ತೆ ಮುಟ್ಟುವ ಹಾಗಿಲ್ಲ, ಇದು ಊರಿನ ಕಟ್ಟಳೆ.

ಬಾಯಿ ಬಿಟ್ಟಿಲ್ಲವೆಂದು ತೋರಿಸಲಿಕ್ಕೂ ಒಂದು ಕ್ರಮವಿದೆ. ತುಂಬಿ ಮುಗಿಸಿದವರು ಕೆನ್ನೆ ಉಬ್ಬಿಸಿಕೊಂಡೇ ಹೊರಗೆ ಬಂದು, ಯಜಮಾನರ ಮತ್ತು ಈಡುಗಾರನ ಎದುರಿಗೆ, ಹೊಸ್ತಿಲಾಚೆಯ ಚಪ್ಪಡಿ ಕಲ್ಲಿನ ಮೇಲೆ ಆ ನೀರನ್ನು ಉಗಿಯಬೇಕು. ನನ್ನವರು ಉಗಿದಾಗ ಆ ಚಳಿಯಲ್ಲಿ ಕಲ್ಲಿನಿಂದ ಅನ್ನ ಬಸಿದ ಹಾಗೆ ಹಬೆ ಏಳುತ್ತಿತ್ತು. ಆಮೇಲೆ ಅವರು ಮಾಡುತ್ತಿದ್ದ ಮೊದಲ ಕೆಲಸ ಒಂದು ಲೋಟ ಕಾಫಿ ಕೇಳುವುದು.

ನಾನು ಹೇಳಹೊರಟದ್ದು ಅಳತೆ ಕೈಗೆ ಬಂದ ಮೇಲಿನ ನನ್ನ ಎರಡನೆಯ ಚಳಿಗಾಲದ ಮಾತು. ಒಂದು ಚಳಿಗಾಲಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತರಂತೆ ತೋಟೆ ತುಂಬುತ್ತೇವೆ. ಖಾಲಿ ತೋಟೆಗಳನ್ನೇ ತೊಳೆದು, ಹೊಸ ಕೇಪು ಕೂರಿಸಿ, ಮತ್ತೆ ತುಂಬುವುದು. ಅದು ಮೂರನೆಯ, ಅಂದರೆ ಕೊನೆಯ ಸಲ. ಡಬ್ಬಿಯಲ್ಲಿ ಮದ್ದು ತಳ ಕಂಡಿತ್ತು, ಮತ್ತೆ ಬರುವುದು ಮಂಜು ಹರಿದ ಮೇಲೆಯೇ. ಆ ವಾರ ಬಿದ್ದಂಥ ಚಳಿ ಹನ್ನೊಂದು ವರ್ಷದಿಂದ ಬಿದ್ದಿರಲಿಲ್ಲ. ಕೊಬ್ಬರಿ ಎಣ್ಣೆ ಕಲ್ಲಾಗಿತ್ತು, ಬಾನಿಯ ನೀರಿನ ಮೇಲೆ ಕೆನೆ ಕಟ್ಟಿದ ಹಾಗೆ ಹೆಪ್ಪು. ಮದ್ದಿನ ಕೋಣೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಕಿಡಿ ಹಾರುತ್ತದೆಂದು ಕಂಬಳಿಯನ್ನೂ ಹೊದೆಯುವ ಹಾಗಿಲ್ಲ. ಹತ್ತಿಯ ಸೀರೆಯೊಂದರಲ್ಲಿ, ತಣ್ಣನೆಯ ನೆಲದಲ್ಲಿ ಕೂತು, ಮೇಣದುಂಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆತ್ತಗೆ ಮಾಡುತ್ತ ಕೆಲಸ ಮಾಡಬೇಕು. ಅಂಥ ಚಳಿಯಲ್ಲಿ ಮದ್ದು ಸೋಮಾರಿಯಾಗುತ್ತದೆಂದು ಪ್ರತಿ ತೋಟೆಗೂ ಅಳತೆಯ ಮೇಲೊಂದು ಚಿಟಿಕೆ ಹೆಚ್ಚಿಗೆ ಹಾಕುವುದುಂಟು, ಅದಕ್ಕೆ ಚಳಿಪಾಲು ಎನ್ನುತ್ತೇವೆ. ಹನ್ನೊಂದು ವರ್ಷದ ಹಿಂದೆ ಚಳಿಪಾಲು ಹಾಕಿದ್ದವರು ನನ್ನವರು. ನಾನಾಗ ಜ್ವರದಲ್ಲಿ ಮಲಗಿದ್ದೆ, ಎದುರು ಕೂತಿದ್ದವನು ಚೆಲುವಯ್ಯ. ಈಗ ಅದೂ ನನ್ನ ಕೈಯಲ್ಲೇ.

ನೀರು ಬಾಯಿಗೆ ತೆಗೆದುಕೊಂಡೆ. ಇಪ್ಪತ್ತು ಅಳತೆ ಮದ್ದನ್ನು ಎಣಿಸಿ ಮರದ ಬೋಗುಣಿಗೆ ಹಾಕಿಕೊಂಡೆ. ಇಪ್ಪತ್ತು ತೋಟೆಗೆ ಇಪ್ಪತ್ತು ಅಳತೆ, ಕೊನೆಗೆ ಬೋಗುಣಿ ಖಾಲಿಯಾದರೆ ಎಲ್ಲ ಸರಿಯಾಯಿತೆಂದು ಅರ್ಥ. ಒಂದೊಂದಾಗಿ ತುಂಬುತ್ತ ಹೋದೆ. ಅಳತೆ, ಚಿಟಿಕೆ, ಬಿರಡೆ, ಮೇಣ. ನನ್ನ ಎಡದವಡೆಯಲ್ಲೊಂದು ಹುಳುಕು ಹಲ್ಲಿದೆ. ಕೀಳಿಸು ಎಂದು ಆಚೆಕೇರಿಯ ಡಾಕ್ಟರು ಎರಡು ವರ್ಷದಿಂದ ಹೇಳುತ್ತಿದ್ದರು. ನಾನು ಅವರಿಗೇ ಬುದ್ಧಿ ಹೇಳಿ ಬರುತ್ತಿದ್ದೆ. ಒಂಬತ್ತೋ ಹತ್ತೋ ತೋಟೆಯಾದ ಮೇಲೆ ಬಾಯೊಳಗಿನ ನೀರು ಆ ಹಲ್ಲಿನ ಗೂಡಿಗೆ ಇಳಿಯಿತು. ಕಣ್ಣು ಕತ್ತಲೆಗಟ್ಟಿತು. ಏನಾಯಿತೆಂದು ತಿಳಿಯುವ ಮೊದಲೇ ನೀರು ಗಂಟಲಲ್ಲಿ ಇಳಿದಿತ್ತು, ಬಾಯಿ “ಅಯ್ಯೋ ಅವ್ವಾ” ಎಂದುಬಿಟ್ಟಿತ್ತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗಳು ಮಾತ್ರ ಕೇಳಿಸಿಕೊಂಡವು. ನೋವು ಇಳಿಯುವವರೆಗೆ ಕೈ ಕಟ್ಟಿಕೊಂಡು ಕೂತೆ. ಮತ್ತೆ ಕೈ ಹಚ್ಚಿದಾಗ ನನ್ನ ಮುಂದೆ ಮೇಣ ಮೆತ್ತದ ತೋಟೆಯೊಂದಿತ್ತು. ಅದಕ್ಕೆ ಮದ್ದು ಹಾಕಿದ್ದೆನೇ ಇಲ್ಲವೇ? ಬಗ್ಗಿ ನೋಡಿದೆ. ಹಾಕಿದ್ದೆ ಎನಿಸಿತು, ಬಿರಡೆ ಜಡಿದೆ. ಹಿಂದಿನದಕ್ಕೆ? ಅದಕ್ಕೆ ಆಗಲೇ ಮೇಣ ಬಿದ್ದಿತ್ತು. ಇಷ್ಟು ವರ್ಷದ ಕೈ ತಪ್ಪುವುದಿಲ್ಲ ಎಂದುಕೊಂಡು ಮುಂದುವರಿದೆ. ಹತ್ತೊಂಬತ್ತು ಮುಗಿಸಿ ಇಪ್ಪತ್ತನೆಯದಕ್ಕೆ ಅಳತೆ ಇಳಿಸಿದರೆ ಬೋಗುಣಿಯ ತಳದಲ್ಲಿ ನಾಲ್ಕು ಕಾಳು ಮದ್ದು ಉಳಿದಿತ್ತು, ಅಷ್ಟೆ.

ಒಂದು ಅಳತೆ ಎಲ್ಲಿಗೋ ಹೆಚ್ಚಿಗೆ ಹೋಗಿತ್ತು. ಆ ಹತ್ತೊಂಬತ್ತರಲ್ಲಿ ಒಂದರ ಹೊಟ್ಟೆಗೆ ಎರಡು ಅಳತೆ ಬಿದ್ದಿತ್ತು. ತೂಗಿ ನೋಡೋಣವೆಂದರೆ ಇಪ್ಪತ್ತು ತೋಟೆಯೂ ಇಪ್ಪತ್ತು ಕಾಲದ್ದು, ಒಂದರ ತೂಕ ಇನ್ನೊಂದಕ್ಕಿಲ್ಲ. ಒಡೆದು ನೋಡೋಣವೆಂದರೆ ಆ ಚಳಿಯಲ್ಲಿ ಮೇಣ ತೆಗೆದ ತಕ್ಷಣ ಮದ್ದು ಬೆವರುತ್ತದೆ, ಬೆವರಿದ ಮದ್ದು ಬಿಸಿಲು ಕಾಣುವವರೆಗೆ ಬೂದಿಗೆ ಸಮ. ಒಡೆದರೆ ಇಪ್ಪತ್ತು ದಿನ ಊರು ಎರಡು ತುಂಡು. ಒಡೆಯದಿದ್ದರೆ ದಿನಕ್ಕೊಂದು ತೋಟೆಗೆ ಚೆಲುವಯ್ಯನ ಕೆನ್ನೆ. ಎದ್ದು ಹೋಗಿ ಹೇಳಬೇಕಿತ್ತು. ಹೇಳಿದರೆ ಕೊಂಬಿನ ಅಳತೆ ಅಲ್ಲೇ ಕೆಳಗಿಡಬೇಕು, ಸಣ್ಣೇಗೌಡರ ನಗು ಕೇಳಬೇಕು. ನಾನು ಊರಿನ ದಾರಿಗಾಗಿ ಸುಮ್ಮನಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಳತೆಗಾಗಿ ಸುಮ್ಮನಾದೆ. ಡಬ್ಬಿಯ ತಳ ಕೆರೆದು ಇಪ್ಪತ್ತನೆಯದನ್ನು ತುಂಬಿದೆ. ಮಡಕೆಯಿಂದ ಹೊಸದಾಗಿ ಒಂದು ಬಾಯಿ ನೀರು ತೆಗೆದುಕೊಂಡು, ಕೆನ್ನೆ ಉಬ್ಬಿಸಿಕೊಂಡು ಹೊರಗೆ ಬಂದು, ಇಬ್ಬರ ಎದುರಿಗೂ ಚಪ್ಪಡಿಯ ಮೇಲೆ ಉಗಿದೆ.

“ನಿಂತೇಬಿಡ್ತಲ್ಲ ಹೊನ್ನಾಜಮ್ಮನ ಬಾಯಲ್ಲಿ ನೀರು” ಎಂದರು ಸಣ್ಣೇಗೌಡರು. ಚೆಲುವಯ್ಯ ಕಲ್ಲು ನೋಡುತ್ತ ನಿಂತಿದ್ದ. ಆಮೇಲೆ ನನ್ನ ಮುಖ ನೋಡಿದ. “ಹಲ್ಲು ಹೆಂಗೈತೆ ಅತ್ತಿಗಮ್ಮ?” ಎಂದು ಕೇಳಿದ. ಪರವಾಗಿಲ್ಲ ಎಂದೆ.

ಚೆಲುವಯ್ಯನಿಗೊಂದು ಅಭ್ಯಾಸವಿತ್ತು. ಬೆಳಿಗ್ಗೆ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ನನ್ನ ಕೈಯಿಂದ ಆ ದಿನದ ತೋಟೆ ತೆಗೆದುಕೊಂಡು ಅಂಗಿಯೊಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಳ್ಳುವುದು. ಹತ್ತು ಗಂಟೆಯವರೆಗೆ ಮೈಶಾಖದಲ್ಲಿದ್ದರೆ ಮದ್ದು ಚುರುಕಾಗುತ್ತದೆ ಎನ್ನುತ್ತಿದ್ದ. “ಬಸುರಿ ಹಂಗೆ ಕಾಣ್ತೀಯ” ಎಂದು ನಾನು ಕೀಟಲೆ ಮಾಡುತ್ತಿದ್ದೆ. “ಹೆರೋದು ಮಾತ್ರ ಊರೆಲ್ಲಾ ಕೇಳೋ ಹಂಗೆ” ಎನ್ನುತ್ತಿದ್ದ. ಮೊದಲ ತೋಟೆ ಕೊಟ್ಟು ಕಳಿಸಿದೆ. ಅವನು ಹಾರಿಸುವಾಗ ಗುಂಪಿನ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡೆ. ಈಡು ಕೇಳಿಸಿತು, ಮಂಜು ಬಾಯಿ ಬಿಟ್ಟಿತು, ಹಾಲಿನ ಪುಟ್ಟನಂಜಿ ಎಂದಿನಂತೆ ಎಲ್ಲರನ್ನೂ ನೂಕಿಕೊಂಡು ಮುಂದೆ ಓಡಿದಳು. ಹತ್ತೊಂಬತ್ತು ಉಳಿದವು.

ಎರಡನೆಯ ದಿನ, “ಇವತ್ತಿಂದ ಹೊಟ್ಟೆಗೆ ಇಟ್ಕೋಬೇಡ ಕಣಯ್ಯ, ಹೊರಗೇ ಇರ್ಲಿ” ಎಂದೆ. ಮದ್ದು ತಣ್ಣಗಿದ್ದರೆ ಎರಡು ಅಳತೆಯೂ ಸೋಮಾರಿಯಾಗಿ ಉರಿದೀತು, ಕೋವಿ ತಡೆದೀತು ಎಂಬುದು ನನ್ನ ಲೆಕ್ಕ.

“ಯಾಕೆ?”

“ಬಿಸಿಗೆ ಬೆವರ್ತದೆ.”

“ಇಷ್ಟು ವರ್ಷ ಬೆವರಿರ್ಲಿಲ್ವಲ್ಲ.” ಅವನು ನನ್ನನ್ನೇ ನೋಡುತ್ತ ನಿಂತ, ಬೇರೇನಾದರೂ ಹೇಳುತ್ತೇನೋ ಎಂಬ ಹಾಗೆ. ನಾನು ಕಾಫಿ ಪಾತ್ರೆ ತೊಳೆಯಲು ಕೂತೆ. ಅವನು ತೋಟೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೋದ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ದಿನಾ ಬೆಳಿಗ್ಗೆ ತೋಟೆಯ ಡಬ್ಬಿ ತೆರೆದು, ಇದೇ ಇರಬಹುದೇ, ಅದೇ ಇರಬಹುದೇ ಎಂದು ತೋಟೆಗಳ ಮೇಲೆ ಬೆರಳಾಡಿಸುವುದು. ಒಂದನ್ನು ಎತ್ತಿ ಕೆಳಗಿಟ್ಟು ಇನ್ನೊಂದನ್ನು ಎತ್ತುವುದು. ಕೆಳಗಿಟ್ಟದ್ದನ್ನು ನಾಳೆ ಅವನಿಗೇ ಕೊಡಬೇಕಲ್ಲ ಎಂದು ಮತ್ತೆ ಅದನ್ನೇ ಎತ್ತುವುದು. ಕೋವಿಯನ್ನು ಕಂಬಕ್ಕೆ ಕಟ್ಟಿ ದೂರದಿಂದ ದಾರ ಎಳೆಯಲು ಹೇಳೋಣವೆಂದರೆ, ಹೆಗಲ ಮೇಲಿನ ಕೋವಿಗೆ ಮಾತ್ರ ಮಂಜು ನೆಟ್ಟಗೆ ದಾರಿ ಬಿಡುವುದು. ಕಂಬಕ್ಕೆ ಕಟ್ಟಿ ಹಾರಿಸಿದ ವರ್ಷ ದಾರಿ ಕೆರೆಯೊಳಕ್ಕೆ ಹೋಗಿತ್ತಂತೆ. ಹಾರಿಸುವಾಗ ನಾನು ದಿನದಿಂದ ದಿನಕ್ಕೆ ಮುಂದೆ ಬಂದು ನಿಲ್ಲುತ್ತಿದ್ದೆ. ಹತ್ತನೆಯ ದಿನದ ಹೊತ್ತಿಗೆ ಕಟ್ಟೆಯ ಮೆಟ್ಟಿಲ ಮೇಲಿದ್ದೆ. ಒಡೆದರೆ ನನ್ನ ಮುಖಕ್ಕೂ ಬೀಳಲಿ ಎಂದು. ಇಷ್ಟು ಮಾಡುವವಳು ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಈಗ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ತೋಟೆ ಕಡಿಮೆಯಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಐದನೆಯ ದಿನ ಹೇಳಿದರೆ ನಾಲ್ಕು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾನೆ, ಹತ್ತನೆಯ ದಿನ ಹೇಳಿದರೆ ಒಂಬತ್ತು ದಿನ.

ಹದಿನೇಳನೆಯ ದಿನ ಚೆಲುವಯ್ಯ ಕೋವಿಯ ಕುದುರೆ ಎಳೆದರೆ ಈಡು ಹಾರಲಿಲ್ಲ. ಟಕ್ ಎಂದಿತು, ಅಷ್ಟೆ.

ಚಳಿ ಹಿಡಿದ ಮದ್ದು ಒಮ್ಮೊಮ್ಮೆ ಒಳಗೇ ಹೊಗೆಯಾಡಿಕೊಂಡಿದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಕಾಯುವ ಈಡು ಎನ್ನುತ್ತೇವೆ. ನೂರು ಎಣಿಸುವವರೆಗೆ ಕೋವಿಯನ್ನು ಇಳಿಸುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ, ಕೆನ್ನೆ ತೆಗೆಯುವ ಹಾಗಿಲ್ಲ, ಯಾಕೆಂದರೆ ಸುತ್ತ ಜನ ನಿಂತಿರುತ್ತಾರೆ. ಎಣಿಸುವುದು ಜನರ ಕೆಲಸ. ಎಲ್ಲರೂ ಒಟ್ಟಿಗೆ, ಶಾಲೆಯಲ್ಲಿ ಮಗ್ಗಿ ಹೇಳುವ ಹಾಗೆ ಶುರು ಮಾಡಿದರು. ಒಂದು, ಎರಡು, ಮೂರು. ಪುಟ್ಟನಂಜಿ ಹಾಲಿನ ಕ್ಯಾನು ಕೆಳಗಿಟ್ಟು ಎಲ್ಲರಿಗಿಂತ ಜೋರಾಗಿ ಎಣಿಸುತ್ತಿದ್ದಳು. ಇದೇ ಅದು ಎಂದು ನನಗೆ ಖಚಿತವಾಗಿಹೋಯಿತು. ಹೊಟ್ಟೆ ತುಂಬಿದ್ದಕ್ಕೇ ಅದು ಹೊರಡಲು ತಡಮಾಡುತ್ತಿದೆ. ಇಪ್ಪತ್ತು ದಾಟುವಾಗ ನಾನು ಕಟ್ಟೆ ಹತ್ತಿದೆ.

“ಮುಖ ಈಚೆ ತಿರುಗ್ಸು ಚೆಲುವಯ್ಯ.”

“ಕೆಳಗಿಳೀರಿ ಅತ್ತಿಗಮ್ಮ.” ತುಟಿ ಅಲ್ಲಾಡಿಸದೆ ಹೇಳಿದ.

“ತಿರುಗ್ಸು ಅಂದ್ನಲ್ಲ!”

“ಎದುರಿಗೆ ದಾರಿ ಹಿಡಿದು ನಿಂತೀನಿ. ಈಗ ತಿರುಗಿದ್ರೆ ಜನದ ಮೇಲೆ ಹೋಗ್ತದೆ. ಇಳೀರಿ.”

ನಾನು ಇಳಿಯಲಿಲ್ಲ. ಅವನ ಕೆನ್ನೆಗೂ ಕೋವಿಗೂ ನಡುವೆ ನನ್ನ ಅಂಗೈ ತೂರಿಸಿದೆ. ಕಬ್ಬಿಣ ಎಷ್ಟು ತಣ್ಣಗಿತ್ತೆಂದರೆ ಚರ್ಮ ಅಂಟಿಕೊಂಡಿತು. ಇನ್ನೊಂದು ಕಡೆ ಅವನ ಕೆನ್ನೆ ಬೆಚ್ಚಗಿತ್ತು, ಎರಡು ದಿನದ ಗಡ್ಡ ಚುಚ್ಚುತ್ತಿತ್ತು. ಕೆಳಗೆ ಜನ ಎಣಿಸುವುದನ್ನು ಬಿಡಲಿಲ್ಲ. ಐವತ್ತೆಂಟು, ಐವತ್ತೊಂಬತ್ತು. ಅರವತ್ತೊಂದಕ್ಕೆ ಈಡು ಹಾರಿತು. ಬೇರೆ ಎಲ್ಲ ದಿನದ ಈಡಿನಷ್ಟೇ ಇತ್ತು ಸದ್ದು. ನನ್ನ ಕೈಗೆ ಒಂದು ಗುದ್ದು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಮಂಜು ಸೀಳಿತು, ಜನ ನಗುತ್ತ ದಾರಿಗೆ ಇಳಿದರು. ಕಟ್ಟೆಯ ಮೇಲೆ ನಾವಿಬ್ಬರೇ ಉಳಿದೆವು.

“ಒಂದು ತೋಟೆಗೆ ಎರಡು ಅಳತೆ ಬಿದ್ದೈತೆ” ಎಂದೆ. “ಯಾವ್ದು ಅಂತ ಗೊತ್ತಿಲ್ಲ. ತುಂಬೋವಾಗ ಹಲ್ಲು ನೋವಿಗೆ ಬಾಯಿ ಬಿಟ್ಬಿಟ್ಟೆ.”

ಅವನು ಕೋವಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. “ಬಾಯಿ ಬಿಟ್ಟಿದ್ದು ಗೊತ್ತು.”

“ಹೆಂಗೆ?”

“ನೀವು ಉಗಿದ ನೀರು ಹಬೆ ಆಡ್ಲಿಲ್ಲ. ಆಗ್ತಾನೆ ಬಾಯಿಗೆ ಹಾಕ್ಕೊಂಡ ನೀರು ಅದು.”

“ಗೊತ್ತಿದ್ದೂ ಹದಿನೇಳು ದಿನ ಹಾರಿಸಿದ್ಯಾ?” ಎಂದೆ.

“ಬಾಯಿ ತಪ್ಪಿದ್ದು ಗೊತ್ತಿತ್ತು. ಲೆಕ್ಕ ತಪ್ಪಿದ್ದು ಗೊತ್ತಿರ್ಲಿಲ್ಲ. ಇಂಥಾ ಚಳೀಲಿ ಯಾರ ಬಾಯಾದ್ರೂ ತಪ್ತದೆ, ಅದಕ್ಕೆ ಯಾಕೆ ಅಳತೆ ಕಿತ್ಕೊಳ್ಳೋದು ಅಂತ ಸುಮ್ನಿದ್ದೆ.” ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. “ಲೆಕ್ಕ ತಪ್ಪಿದ್ರೆ ನಮ್ಮ ಅತ್ತಿಗಮ್ಮ ಹೇಳದೇ ಇರ್ತಾರಾ ಅಂದ್ಕೊಂಡಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ಯಜಮಾನರಿಗೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಬಂದ. ಕಾಫಿ ಬೇಡ ಎಂದ. ನಾನು ತೋಟೆ ಎತ್ತಿಕೊಡುವ ಮುಂಚೆ ತಾನೇ ಡಬ್ಬಿಗೆ ಕೈ ಹಾಕಿ ಒಂದನ್ನು ತೆಗೆದುಕೊಂಡ. ಅಂಗಿಯೊಳಗೆ ಇಟ್ಟುಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋದ. ಗೊತ್ತಿದ್ದೂ ಕೆನ್ನೆ ಕೊಟ್ಟು ಹಾರಿಸಿದ. ನಾನು ಕಟ್ಟೆ ಹತ್ತಲು ಹೋದರೆ ಬೇಡವೆಂದು ಕೈ ಅಡ್ಡ ಮಾಡಿದ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಎದ್ದರೆ ಆಚೆಕೇರಿಯ ಹೆಂಚುಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು. ಮಂಜು ಎರಡು ದಿನ ಮೊದಲೇ ಹರಿದಿತ್ತು. ಡಬ್ಬಿಯಲ್ಲಿ ಎರಡು ತೋಟೆ ಉಳಿದಿದ್ದವು.

ಬಿಸಿಲು ಚೆನ್ನಾಗಿ ಕಾಯ್ದ ಮೇಲೆ ನಮ್ಮ ಮನೆಯ ಅಂಗಳದಲ್ಲಿ ಚೆಲುವಯ್ಯನ ಎದುರಿಗೇ ಎರಡನ್ನೂ ಒಡೆದೆ. ಮೊದಲನೆಯದರಿಂದ ಸುರಿದ ಮದ್ದು ಅಳತೆಗೆ ಸರಿಯಾಗಿ ತುಂಬಿ, ಮೇಲೊಂದು ಚಿಟಿಕೆ ಉಳಿಯಿತು. ಎರಡನೆಯದೂ ಹಾಗೇ. “ಹಾರಿಸಿದ್ದರಲ್ಲೂ ಇರ್ಲಿಲ್ಲ” ಎಂದ ಅವನು. “ಎರಡು ಅಳತೆ ಆಗಿದ್ರೆ ಹೆಗಲಿಗೆ ಗೊತ್ತಾಗ್ತಿತ್ತು.” ಆ ಉಳಿದ ಚಿಟಿಕೆಯನ್ನು ಬೆರಳಿನಿಂದ ಅತ್ತಿತ್ತ ಮಾಡುತ್ತ, “ಚಳಿಪಾಲು ಎಲ್ಲಿಂದ ತೆಗೆದ್ರಿ?” ಎಂದು ಕೇಳಿದ.

“ಬೋಗುಣಿಯಿಂದ.”

“ಅಣ್ಣ ಮದ್ದಿನ ಡಬ್ಬಿಯಿಂದ ತೆಗೀತಿದ್ದ.”

ಅವನು ಖಾಲಿ ಅಳತೆಯನ್ನು ನನ್ನ ಮುಂದಿಟ್ಟು, “ನಿಮ್ಮ ಬೆರಳಲ್ಲೇ ಹಾಕಿ” ಎಂದ. ನಾನು ಚಿಟಿಕೆ ಚಿಟಿಕೆಯಾಗಿ ಹಾಕಿದೆ, ಅವನು ಎಣಿಸಿದ. ಹತ್ತೊಂಬತ್ತನೆಯ ಚಿಟಿಕೆಗೆ ಕೊಂಬಿನ ಅಳತೆ ಅಂಚಿನವರೆಗೆ ತುಂಬಿತು. ಹತ್ತೊಂಬತ್ತು ತೋಟೆಗೆ ಹತ್ತೊಂಬತ್ತು ಚಿಟಿಕೆ. ಕಳೆದುಹೋದ ಅಳತೆ ಎಲ್ಲಿಗೂ ಹೋಗಿರಲಿಲ್ಲ, ಚಳಿಪಾಲಾಗಿ ಎಲ್ಲದರಲ್ಲೂ ಹಂಚಿಹೋಗಿತ್ತು. ಹದಿನೆಂಟು ದಿನ ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ನಕ್ಕೆ, ನಗುತ್ತಲೇ ಅಳು ಬಂತು. “ತಪ್ಪಿರ್ಲಿಲ್ಲ ಕಣಯ್ಯ, ಒಂದೂ ತಪ್ಪಿರ್ಲಿಲ್ಲ!” ಎಂದೆ.

“ಹ್ಞೂಂ, ಲೆಕ್ಕ ಸರಿ ಇತ್ತು” ಎಂದ ಚೆಲುವಯ್ಯ, ಎದ್ದು ಪಂಚೆಯ ಧೂಳು ಕೊಡವುತ್ತ. “ಆದ್ರೆ ನಿಮಗದು ಗೊತ್ತಿರ್ಲಿಲ್ವಲ್ಲ ಅತ್ತಿಗಮ್ಮ.”

ಆ ಬೇಸಿಗೆಯಲ್ಲಿ ಹಲ್ಲು ಕೀಳಿಸಿಕೊಂಡೆ. ಅಳತೆ ಇನ್ನೂ ನನ್ನ ಹತ್ತಿರವೇ ಇದೆ. ಊರಿಗೆ ಏನೂ ಗೊತ್ತಿಲ್ಲ. ಚೆಲುವಯ್ಯ ಮತ್ತೆ ಕಾಫಿಗೆ ಬರುತ್ತಾನೆ, ಕೀಟಲೆಗೆ ನಗುತ್ತಾನೆ, ಸುಗ್ಗಿಯಲ್ಲಿ ಮೊದಲ ಮೂಟೆ ಅವರೆಕಾಯಿ ನಮ್ಮ ಮನೆಗೇ ಹಾಕುತ್ತಾನೆ. ಮುಂದಿನ ಚಳಿಗೆ ಮೊದಲ ಸಲದ ಇಪ್ಪತ್ತು ತೋಟೆ ತುಂಬಿ, ಕೆನ್ನೆ ಉಬ್ಬಿಸಿಕೊಂಡು ಹೊರಗೆ ಬಂದೆ. ನೀರು ಅಷ್ಟು ಹೊತ್ತು ಬಾಯಲ್ಲಿದ್ದು ಬೆಚ್ಚಗಾಗಿತ್ತು. ಸಣ್ಣೇಗೌಡರು ಎಂದಿನಂತೆ ಎ‌ಲ್ಲೋ ನೋಡುತ್ತಿದ್ದರು. ಚಪ್ಪಡಿಯ ಮೇಲೆ ಉಗಿದೆ. ಚೆಲುವಯ್ಯ ಮಂಡಿಯೂರಿ ಕಲ್ಲಿನ ಹತ್ತಿರ ಬಗ್ಗಿದ. ಹಬೆ ಏಳುವುದನ್ನು ನೋಡಿದ, ಅದು ಆರುವವರೆಗೂ ನೋಡಿದ. ಆಮೇಲೆ ಎದ್ದು ತೋಟೆಗೆ ಕೈ ನೀಡಿದ.